ಮಳೆ ತೊಳೆಯದ ಹಿಕ್ಕೆ

ಅಕ್ಕನ ಸಮಾಧಿ ನಮ್ಮ ತೋಟದ ಮೂಡಲ ಮೂಲೆಯಲ್ಲಿದೆ, ಅತ್ತೆ ಮಾವನ ಸಮಾಧಿಗಳ ಪಕ್ಕದಲ್ಲಿ. ಅಕ್ಕ ಎಂದರೆ ಒಡಹುಟ್ಟಿದವಳಲ್ಲ. ನನ್ನ ಓರಗಿತ್ತಿ, ನನ್ನ ಗಂಡನ ಅಣ್ಣನ ಹೆಂಡತಿ. ಇಪ್ಪತ್ತೆರಡು ವರ್ಷ ಒಂದೇ ಅಡುಗೆಮನೆಯಲ್ಲಿ ಓಡಾಡಿದವರು ನಾವು. ಅವಳು ಹೋದ ಮೇಲಿನ ಒಂದು ವರ್ಷದ ಬಗ್ಗೆ ಬರೆಯುತ್ತಿದ್ದೇನೆ. ಹೆಚ್ಚಾಗಿ ಒಂದು ಗಿಡದ ಬಗ್ಗೆ, ಅದನ್ನು ತಿಂದ ಹುಳುಗಳ ಬಗ್ಗೆ. ನಾನು ಓದಿರುವುದು ಹತ್ತನೇ ತರಗತಿ. ಅಕ್ಕನ ಬಗ್ಗೆಯೇ ನೇರವಾಗಿ ಬರೆಯಲು ಕೂತಾಗಲೆಲ್ಲ ಮೂರು ಸಾಲಿನ ಮೇಲೆ ಪೆನ್ನು ಮುಂದಕ್ಕೆ ಹೋಗಲಿಲ್ಲ. ಹುಳುಗಳ ಬಗ್ಗೆ ಬರೆಯಬಲ್ಲೆ.

ನಮ್ಮಲ್ಲಿ ಸುಡುವ ಪದ್ಧತಿ ಇಲ್ಲ. ಅಂಗೈಯಲ್ಲಿ ಇಷ್ಟಲಿಂಗ ಇಟ್ಟು, ಕೂರಿಸಿ, ವಿಭೂತಿ ಹಾಕಿ ಮಣ್ಣು ಮುಚ್ಚುತ್ತೇವೆ. ಹನ್ನೊಂದನೇ ದಿನದ ಕಾರ್ಯ ಮುಗಿದ ಮಾರನೇ ಬೆಳಿಗ್ಗೆ ನಾನು ಯಾರನ್ನೂ ಕೇಳದೆ ಅಕ್ಕನ ಬೆನ್ನ ಕಡೆ ಒಂದು ಪತ್ರೆ ಗಿಡ ನೆಟ್ಟೆ. ಬಿಲ್ವಪತ್ರೆ ಗಿಡ, ಎರಡಡಿ ಇರಬಹುದು, ತಿಪಟೂರು ರಸ್ತೆಯ ನರ್ಸರಿಯಿಂದ ನನ್ನ ಗಂಡನ ಕೈಲಿ ತರಿಸಿದ್ದು. ಅಕ್ಕ ದಿನಾ ಬೆಳಿಗ್ಗೆ ಲಿಂಗಪೂಜೆಗೆ ಪತ್ರೆ ತರಲು ಕೆರೆ ಏರಿಯ ಆಚೆಯ ಗುಡಿಯವರೆಗೂ ನಡೆಯುತ್ತಿದ್ದಳು. ಮನೆ ಹತ್ತಿರವೇ ಒಂದು ಗಿಡ ಹಾಕಬೇಕು ಕಣೇ ಎಂದು ವರ್ಷಕ್ಕೆ ನಾಲ್ಕು ಸಲವಾದರೂ ಹೇಳುತ್ತಿದ್ದಳು. ತೋಟದ ತುಂಬ ತೆಂಗಿನ ಸಸಿ ನೆಟ್ಟ ಮನೆಯಲ್ಲಿ ಆ ಒಂದು ಗಿಡ ನೆಡಲು ಯಾರಿಗೂ ಪುರುಸೊತ್ತಾಗಿರಲಿಲ್ಲ.

ತಿಂಗಳಾದ ಮೇಲೆ ಭಾವ ಗಾರೆ ಮೇಸ್ತ್ರಿಯನ್ನು ಕರೆದುಕೊಂಡು ಬಂದರು. ಅತ್ತೆ ಮಾವನ ಸಮಾಧಿಗಳಿಗೆ ಇರುವಂತೆ ಅಕ್ಕನದಕ್ಕೂ ಕಲ್ಲು ಹಾಸಿ ಸಿಮೆಂಟಿನ ಕಟ್ಟೆ ಕಟ್ಟಿಸಬೇಕೆಂಬುದು ಅವರ ಮನಸ್ಸು. ಮೇಸ್ತ್ರಿ ದಾರ ಹಿಡಿದು ಅಳತೆ ಮಾಡಿ, ಗಿಡದ ಹತ್ತಿರ ಬಂದು ನಿಂತ.

“ಪತ್ರೆ ಮರದ ಬೇರು ಸುಮ್ನಿರಲ್ಲ ಸ್ವಾಮಿ. ಹತ್ತು ವರ್ಸಕ್ಕೆ ಕಟ್ಟೆ ಸೀಳಾಕ್ತದೆ. ಮರ ಬೇಕಾ, ಕಟ್ಟೆ ಬೇಕಾ, ಒಂದು ಹೇಳ್ಬುಡಿ.”

ಭಾವ ಗಿಡವನ್ನು ಕೀಳಿಸಿ ಬೇಲಿ ಸಾಲಿಗೆ ಹಾಕಿಸೋಣ ಎಂದರು. ನಾನು ಆ ಮನೆಗೆ ಬಂದಾಗಿನಿಂದ ಭಾವನ ಎದುರಿಗೆ ನಿಂತು ಇಲ್ಲ ಎಂದವಳಲ್ಲ. ಅವತ್ತು ಪಂಪ್‌ಸೆಟ್ ಮನೆಯ ಪಕ್ಕ ನಿಂತಿದ್ದವಳು ಅಲ್ಲಿಂದಲೇ ಹೇಳಿದೆ, ವರ್ಷದ ಹೊತ್ತಿಗೆ ಗಿಡ ಹಿಡಿಯದೆ ಹೋದರೆ ಕಟ್ಟೆ ಕಟ್ಟಿಸಿ, ಹಿಡಿದರೆ ಬಿಟ್ಟುಬಿಡಿ ಎಂದು. ನನ್ನ ದನಿ ನನಗೇ ಬೇರೆಯವರದ್ದು ಅನ್ನಿಸಿತು. ಭಾವ ನೆಲ ನೋಡುತ್ತಾ, ವರ್ಷ ತಾನೆ, ನೋಡೋಣ ಎಂದರು. ವರ್ಷದ ಕಾರ್ಯಕ್ಕೆ ಎಂಟು ದಿನ ಮುಂಚೆ ಬರುವಂತೆ ಮೇಸ್ತ್ರಿಗೆ ಹೇಳಿ ಕಳಿಸಿದರು. ಅಲ್ಲಿಂದಾಚೆಗೆ ಭಾವ ಆ ಮೂಲೆಗೆ ಹೆಜ್ಜೆ ಇಡಲಿಲ್ಲ.

ಬೇಸಿಗೆಯಲ್ಲಿ ಗಿಡ ಎಲೆ ಉದುರಿಸಿ ಬರೀ ಮುಳ್ಳುಕಡ್ಡಿಯಾಯಿತು. ಮನೆಯವರೆಲ್ಲ ಒಣಗಿತು ಎಂದರು. ಗುಡಿಯ ದೊಡ್ಡ ಮರವೂ ಹಾಗೇ ಬೋಳಾಗಿರುವುದನ್ನು ನಾನು ಹೋಗಿ ನೋಡಿಕೊಂಡು ಬಂದೆ. ದಿನಾ ಎರಡು ಬಿಂದಿಗೆ ನೀರು ಹಾಕಿದೆ. ಮುಂಗಾರಿನ ಮೊದಲ ಮಳೆಗೆ ತಾಮ್ರದ ಬಣ್ಣದ ಚಿಗುರು ಒಡೆಯಿತು. ಹದಿನೈದು ದಿನದಲ್ಲಿ ಎಳೇ ಹಸಿರು ಎಲೆ ತುಂಬಿಕೊಂಡಿತು. ಗೆದ್ದೆ ಅಂದುಕೊಂಡೆ. ಆಮೇಲೆ ಎಲೆಗಳು ಕಾಣೆಯಾಗತೊಡಗಿದವು.

ಮೊದಲು ಒಂದು ಕೊಂಬೆಯ ತುದಿ ಬೋಳಾಯಿತು. ನಾಲ್ಕು ದಿನಕ್ಕೆ ಇನ್ನೊಂದು. ಅಂಚು ಕತ್ತರಿಸಿದಂತೆ, ನಡುವಿನ ನರ ಮಾತ್ರ ಉಳಿದಂತೆ. ಬೇಲಿಯಾಚೆ ಮೇಕೆ ಸಾಕಿದ್ದ ಮುದುಕಿಯ ಮೇಲೆ ಅನುಮಾನ ಬಂತು. ಕೇಳಿಯೇಬಿಟ್ಟೆ.

“ನಮ್ ಮೇಕೆ ಮುಳ್ಳು ನೆಕ್ಕೋವಷ್ಟು ಬರಗೆಟ್ಟಿಲ್ಲ ಕಣಮ್ಮೀ. ತಿಂದ್ರೆ ಕಾಂಡ ಸಮೇತ ತಿಂದಿರ್ತಿತ್ತು. ಇಷ್ಟು ಓರಣವಾಗಿ ಕತ್ತರ್ಸಕ್ಕೆ ಅದೇನು ಟೈಲರಾ?” ಎಂದಳು.

ಆದರೂ ಒಣಗಿದ ತೆಂಗಿನ ಗರಿಗಳನ್ನು ಸುತ್ತ ನೆಟ್ಟು ಬೇಲಿ ಮಾಡಿದೆ. ಎಲೆ ಹೋಗುವುದು ನಿಲ್ಲಲಿಲ್ಲ. ಕೊಬ್ಬರಿ ಅಟ್ಟದ ಕೆಲಸ ಬಿಟ್ಟು ಬಂದು ಗಂಟೆಗಟ್ಟಲೆ ಗಿಡದ ಎದುರು ಕೂತೆ. ಮಿಡತೆ ಇಲ್ಲ, ಹುಳು ಇಲ್ಲ, ಏನೂ ಇಲ್ಲ. ಎಲೆಗಳ ಮೇಲೆ ಅಲ್ಲಲ್ಲಿ ಹಕ್ಕಿಯ ಹಿಕ್ಕೆ ಮಾತ್ರ, ಕಪ್ಪು ಕಂದು ಬಣ್ಣ, ನಡುವೆ ಸುಣ್ಣ ಮೆತ್ತಿದಂತೆ ಬಿಳಿ, ಇನ್ನೂ ಒದ್ದೆಯಾಗಿ ಹೊಳೆಯುವಂಥದ್ದು. ಮೇಲೆ ತೆಂಗಿನ ಗರಿಯಲ್ಲಿ ಕೂರುವ ಕಾಗೆಗಳನ್ನು ಬೈದುಕೊಂಡೆ.

ಇಲ್ಲಿ ನನ್ನ ತಪ್ಪನ್ನು ಹೇಳಬೇಕು. ಪತ್ರೆಯ ವಿಷಯದಲ್ಲಿ ಅಕ್ಕ ಬಹಳ ಕಟ್ಟುನಿಟ್ಟು. ಮೂರು ದಳ ಕೂಡಿರಬೇಕು, ತೂತಿರಬಾರದು, ಹಿಕ್ಕೆ ಬಿದ್ದ ಎಲೆಯನ್ನು ಮುಟ್ಟಲೂಬಾರದು, ಮುಟ್ಟಿದರೆ ಕೈ ತೊಳೆದು ಬಂದು ಬೇರೆ ಎಲೆ ಕೀಳಬೇಕು. ನಾನು ಅವಳಿಂದಲೇ ಕಲಿತವಳು. ದಿನಾ ಬೆಳಿಗ್ಗೆ ಸ್ನಾನ ಮಾಡಿ ಬಂದು ಅದೇ ಗಿಡದಿಂದ ಒಂದು ಶುದ್ಧವಾದ ಪತ್ರೆ ಕಿತ್ತು ಅಕ್ಕನ ಮಣ್ಣಿನ ಮೇಲೆ ಇಡುತ್ತಿದ್ದೆ. ಹಿಕ್ಕೆ ಇದ್ದ ಎಲೆಗೆ ಬೆರಳು ಸೋಕದ ಹಾಗೆ, ಆ ಕೊಂಬೆ ಅಲುಗದ ಹಾಗೆ ಎಚ್ಚರ ವಹಿಸುತ್ತಿದ್ದೆ. ಒಳ್ಳೆಯ ಎಲೆಯನ್ನು ನಾನು ಕೀಳುತ್ತಿದ್ದೆ, ಹಿಕ್ಕೆಯ ಎಲೆಯನ್ನು ಕಾಪಾಡುತ್ತಿದ್ದೆ. ಮೂರು ತಿಂಗಳು ಹಾಗೆ ನಡೆಸಿದೆ.

ಶ್ರಾವಣದಲ್ಲಿ ಒಂದು ದಿನ ಮಧ್ಯಾಹ್ನ ಹಿಡಿದ ಮಳೆ ಮಾರನೇ ಬೆಳಗಿನವರೆಗೂ ಬಿಡಲಿಲ್ಲ. ಬಿಟ್ಟ ಮೇಲೆ ತೋಟಕ್ಕೆ ಹೋದೆ. ತೆಂಗಿನ ಬೊಡ್ಡೆಗಳು ತೊಳೆದು ಕಪ್ಪಗಾಗಿದ್ದವು. ಮಾವನ ಕಟ್ಟೆಯ ಮೇಲೆ ಯಾವಾಗಲೂ ಇರುತ್ತಿದ್ದ ಕಾಗೆ ಹಿಕ್ಕೆ ಒಂದು ಗುರುತೂ ಇಲ್ಲದೆ ಹೋಗಿತ್ತು. ಪಂಪ್‌ಸೆಟ್ ಮನೆಯ ಶೀಟು ಹೊಸದರಂತೆ ಕಾಣುತ್ತಿತ್ತು. ಪತ್ರೆ ಗಿಡದಲ್ಲಿ ಮಾತ್ರ ಏಳು ಹಿಕ್ಕೆಗಳು ಇದ್ದ ಹಾಗೇ ಇದ್ದವು. ಇದ್ದ ಹಾಗೆ ಎನ್ನುವುದೂ ಸರಿಯಲ್ಲ. ಎರಡು ನಿನ್ನೆ ಇದ್ದ ಎಲೆಯಲ್ಲಿ ಇರಲಿಲ್ಲ, ಪಕ್ಕದ ಎಲೆಯಲ್ಲಿದ್ದವು.

ಕಲ್ಲಿನ ಮೇಲಿನದನ್ನು ತೊಳೆದ ಮಳೆ ಎಲೆಯ ಮೇಲಿನದನ್ನು ಯಾಕೆ ತೊಳೆಯಲಿಲ್ಲ? ಗರಿಯಿಂದ ಒಂದು ಕಡ್ಡಿ ಸೀಳಿ ಒಂದನ್ನು ಮುಟ್ಟಿದೆ. ಅದು ತಲೆ ಎತ್ತಿತು. ಕತ್ತಿನ ಹಿಂದಿನಿಂದ ಎರಡು ಕೆಂಪು ಕೊಂಬು ಹೊರಗೆ ಬಂದವು, ಒದ್ದೆ ಎಳೆಗಳ ಹಾಗೆ. ಕೊಳೆತ ನಿಂಬೆಹಣ್ಣಿನಂಥ ಘಾಟು ಮೂಗಿಗೆ ಬಡಿಯಿತು. ನಾನು ಹಿಂದಕ್ಕೆ ಸರಿದು ಗರಿಬೇಲಿಯ ಮೇಲೆ ಕೂತುಬಿಟ್ಟೆ. ಕೊಂಬುಗಳು ಮೆಲ್ಲಗೆ ಒಳಗೆ ಹೋದವು. ಹುಳು ಮತ್ತೆ ಹಿಕ್ಕೆಯಾಗಿ ಎಲೆಯ ನಡುವೆ ಮುದುರಿ ಮಲಗಿತು.

ಮೊದಲು ಬಂದದ್ದು ಸಿಟ್ಟು. ಏಳನ್ನೂ ಹೊಸಕಿ ಹಾಕಲು ಕಲ್ಲು ತೆಗೆದುಕೊಂಡೆ. ಆದರೆ ಆ ಜಾಗದಲ್ಲಿ ಕೈ ಬರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಇಷ್ಟು ದಿನ ನನ್ನ ಕಣ್ಣಿಗೆ ಮಣ್ಣೆರಚಿದ್ದು ಯಾವುದು ಎಂದು ತಿಳಿಯಬೇಕೆಂಬ ಹಟ ಬಂತು. ಒಂದನ್ನು ಎಲೆ ಸಮೇತ ಮನೆಗೆ ತಂದು ಗಾಜಿನ ಬಾಟ್ಲಿಗೆ ಹಾಕಿ ಬಾಯಿಗೆ ಹಳೇ ಪಂಚೆಯ ತುಂಡು ಕಟ್ಟಿದೆ. ಪತ್ರೆ ಎಲೆ ಕಮ್ಮಿ ಇದ್ದವು. ಹಿತ್ತಲಿನ ಕರಿಬೇವು ಕೊಟ್ಟು ನೋಡಿದೆ. ತಿಂದಿತು. ಇನ್ನುಳಿದ ಆರನ್ನು ಅದೇ ಕರಿಬೇವಿನ ಗಿಡಕ್ಕೆ ಬಿಟ್ಟೆ.

ನನ್ನ ಗಂಡ ಪೇಟೆಯ ಗೊಬ್ಬರದಂಗಡಿಯಿಂದ ಒಂದು ಔಷಧಿ ತಂದರು. ಒಂದು ಮುಚ್ಚಳ ಹಾಕಿ ಹೊಡೆದರೆ ಎಲ್ಲ ಸಾಯುತ್ತವಂತೆ ಎಂದರು. ಲಿಂಗದ ಮೇಲೆ ಏರುವ ಎಲೆಗೆ ವಿಷ ಹೊಡೆಯುವುದಿಲ್ಲ ಎಂದೆ. ಹಾಗಾದರೆ ಕಟ್ಟೆಯೇ ಗತಿ ಎಂದರು. ಔಷಧಿಯನ್ನು ಹಿಂದಕ್ಕೆ ಕೊಟ್ಟು ಬನ್ನಿ ಎಂದೆ, ಕೊಟ್ಟು ಬಂದರು.

ಬಾಟ್ಲಿಯ ಹುಳು ನಾಲ್ಕೈದು ದಿನ ಹಿಕ್ಕೆಯಾಗಿಯೇ ಇತ್ತು. ಒಂದು ಬೆಳಿಗ್ಗೆ ನೋಡಿದರೆ ಹಳೇ ಚರ್ಮ ಬಿಟ್ಟು ಎಲೆಯ ಹಸಿರಾಗಿತ್ತು. ಬೆರಳುದ್ದ ಆಗುವ ವೇಳೆಗೆ ಯಾವ ಹಕ್ಕಿ ತಾನೆ ಅಷ್ಟು ದೊಡ್ಡ ಹಿಕ್ಕೆ ಹಾಕೀತು? ಹಿಕ್ಕೆಯ ವೇಷ ಇನ್ನು ನಡೆಯುವುದಿಲ್ಲ. ಅದಕ್ಕೇ ಎಲೆಯ ಬಣ್ಣ. ಹೆಗಲ ಮೇಲೆ ಎರಡು ಸುಳ್ಳು ಕಣ್ಣು ಬೇರೆ. ಮುಟ್ಟಿದರೆ ಮುಂಭಾಗ ಉಬ್ಬಿಸಿ ಸಣ್ಣ ಹಾವಿನ ಹಾಗೆ ನಿಲ್ಲುತ್ತಿತ್ತು. ಹಿತ್ತಲಿನ ಕರಿಬೇವು ದಿನದಿಂದ ದಿನಕ್ಕೆ ಬೋಳಾಗುತ್ತಿತ್ತು.

“ನಿನ್ ಹುಳಕ್ಕೆ ಊಟ ಆಯ್ತೇನೇ? ಆಗಿದ್ರೆ ಉಪ್ಪಿಟ್ಟಿಗೂ ನಾಕು ಎಲೆ ಬಿಡು ಅನ್ನು” ಎಂದರು ನನ್ನ ಗಂಡ. ಅಕ್ಕ ಹೋದ ಮೇಲೆ ನಮ್ಮ ಅಡುಗೆಮನೆಯಲ್ಲಿ ಯಾರಾದರೂ ತಮಾಷೆ ಮಾಡಿದ್ದು ಅದೇ ಮೊದಲು.

ಆಮೇಲೆ ಅದು ತಿನ್ನುವುದು ಬಿಟ್ಟಿತು. ಬಾಟ್ಲಿಯಲ್ಲಿ ಇಟ್ಟಿದ್ದ ಒಣಕಡ್ಡಿಗೆ ಸೊಂಟಕ್ಕೊಂದು ನೂಲು ಬಿಗಿದುಕೊಂಡು ಅಲುಗಾಡದೆ ನಿಂತು ಗೂಡಾಯಿತು. ಒಣಕಡ್ಡಿಯ ಮೇಲಿನ ಆ ಗೂಡು ಒಣಕಡ್ಡಿಯ ಬಣ್ಣದ್ದೇ, ಮುರಿದ ಚಕ್ಕೆಯಂತೆ. ಕರಿಬೇವಿನ ಗಿಡದಲ್ಲಿ ಹುಡುಕಿದಾಗ ಹಸಿರು ರೆಂಬೆಗೆ ಕಟ್ಟಿದ ಇನ್ನೊಂದು ಸಿಕ್ಕಿತು. ಅದು ಹಸಿರು. ಒಂದೇ ತಾಯಿಯ ಮಕ್ಕಳೋ ಏನೋ, ನಿಂತ ಜಾಗದ ಬಣ್ಣ ತೆಗೆದುಕೊಂಡಿದ್ದವು. ಒಂಬತ್ತನೇ ದಿನ ಬೆಳಿಗ್ಗೆ ಬಾಟ್ಲಿಯಲ್ಲಿ ಒಂದು ಚಿಟ್ಟೆ ಒದ್ದೆ ರೆಕ್ಕೆ ಇಳಿಬಿಟ್ಟುಕೊಂಡು ಕೂತಿತ್ತು. ಕಪ್ಪು ಮೈ, ಹಳದಿ ಚುಕ್ಕೆಗಳು, ಹಿಂದಿನ ರೆಕ್ಕೆಯಲ್ಲಿ ಕುಂಕುಮ ಇಟ್ಟಂತೆ ಕೆಂಪು.

ಆ ಚಿಟ್ಟೆ ನನಗೆ ಗೊತ್ತಿತ್ತು. ಚಿಗುರು ಬಂದಾಗಿನಿಂದ ದಿನಾ ಪತ್ರೆ ಗಿಡದ ಸುತ್ತ ಹಾರುತ್ತಿದ್ದದ್ದು ಅದೇ ಜಾತಿಯ ಚಿಟ್ಟೆ. ಕೊಬ್ಬರಿ ಸುಲಿಯಲು ಬರುವ ಹೆಂಗಸು ಅದನ್ನು ನೋಡಿ, ದೊಡ್ಡಮ್ಮೋರೇ ಬಂದವ್ರೆ, ಗಿಡ ಬಿಟ್ಟು ಹೋಗಂಗೇ ಇಲ್ಲ ನೋಡಿ ಎಂದಿದ್ದಳು. ನಾನು ನಂಬಿದೆನೋ ಇಲ್ಲವೋ, ಕೇಳಲು ಹಿತವಾಗಿತ್ತು. ಅದು ಬಂದಾಗಲೆಲ್ಲ ಕೈಯ ಕೆಲಸ ಬಿಟ್ಟು ನಿಂತು ನೋಡುತ್ತಿದ್ದೆ. ಅದು ಎಳೆ ಎಲೆಯ ಮೇಲೆ ಕ್ಷಣ ಹೊತ್ತು ಕೂತು ಬಾಲ ಬಗ್ಗಿಸುತ್ತಿತ್ತು. ನನ್ನೆದುರಿಗೇ ಮೊಟ್ಟೆ ಇಡುತ್ತಿತ್ತು.

ಕಣ್ಣೆದುರಿಗೆ ಇದ್ದದ್ದನ್ನು ಬೇರೇನೋ ಎಂದುಕೊಂಡು ಸುಮ್ಮನಾದದ್ದು ಅದೇ ಮೊದಲಲ್ಲ. ಅಕ್ಕ ಸೋಮವಾರ ಒಪ್ಪೊತ್ತು ಇರುತ್ತಿದ್ದವಳು, ಕೊನೆಯ ವರ್ಷ ಗುರುವಾರವೂ ಹಿಡಿದಳು. ಆಮೇಲೆ ಶನಿವಾರ. ಭಕ್ತಿ ಹೆಚ್ಚಾಯಿತು ಅಂದುಕೊಂಡೆವು. ಸೆರಗನ್ನು ಬಿಗಿಯಾಗಿ ಸುತ್ತಿ ಸಿಕ್ಕಿಸುತ್ತಿದ್ದಳು. ವಯಸ್ಸಾಯಿತು, ಚಳಿ ಅಂದುಕೊಂಡೆ. ಹೊಟ್ಟೆಯ ಗಡ್ಡೆ ತಿಳಿಯುವ ವೇಳೆಗೆ ಡಾಕ್ಟರು ಮಾಡುವುದಕ್ಕೆ ಏನೂ ಉಳಿದಿರಲಿಲ್ಲ. ಅವಳನ್ನು ಹುಳುವಿಗೆ ಹೋಲಿಸಲು ನನಗೆ ಇಷ್ಟವಿಲ್ಲ. ಹುಳು ತಾನು ಬದುಕಲಿಕ್ಕೆ ಮರೆಯಾಗುತ್ತದೆ. ಅವಳು ಯಾತಕ್ಕೆ ಮರೆಮಾಚಿದಳೋ ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಿರುವುದು ಇಷ್ಟು. ನಾನು ಅವಳ ತಟ್ಟೆಯನ್ನು ದಿನಾ ತೊಳೆದೆ, ನೋಡಲಿಲ್ಲ.

ಆದ್ದರಿಂದ ಗಿಡವನ್ನಾದರೂ ನೋಡಬೇಕೆಂದು ಗಟ್ಟಿ ಮನಸ್ಸು ಮಾಡಿದೆ. ಆಗ ವರ್ಷಕ್ಕೆ ಎರಡೂವರೆ ತಿಂಗಳು ಉಳಿದಿತ್ತು, ಗಿಡದಲ್ಲಿ ಹನ್ನೊಂದು ಎಲೆ. ದಿನಾ ಬಿಸಿಲೇರುವ ಮುಂಚೆ ಒಂದು ಡಬ್ಬಿ ಹಿಡಿದು ಹೋಗುತ್ತಿದ್ದೆ. ಒಂದೊಂದು ಎಲೆಯನ್ನೂ ಮೇಲೆ, ಕೆಳಗೆ ತಿರುಗಿಸಿ ನೋಡುತ್ತಿದ್ದೆ. ಮೊಟ್ಟೆ ರಾಗಿ ಕಾಳಿಗಿಂತ ಸಣ್ಣದು, ತಿಳಿ ಹಳದಿ. ಸಿಕ್ಕ ಮೊಟ್ಟೆಯನ್ನು ಹೆಬ್ಬೆರಳಲ್ಲಿ ಒರೆಸಿಬಿಡುತ್ತಿದ್ದೆ, ಅದರಲ್ಲಿ ದಾಕ್ಷಿಣ್ಯ ಮಾಡಲಿಲ್ಲ. ಹುಳುವಾಗಿದ್ದರೆ ಡಬ್ಬಿಗೆ ಹಾಕಿಕೊಂಡು ಹೋಗಿ ಕರಿಬೇವಿಗೋ ಬಾವಿ ಹತ್ತಿರದ ನಿಂಬೆ ಗಿಡಕ್ಕೋ ಬಿಡುತ್ತಿದ್ದೆ. ಮುಳ್ಳು ಚುಚ್ಚಿ ಬೆರಳುಗಳು ಒರಟಾದವು. ಹಿಕ್ಕೆ ಬಿದ್ದ ಎಲೆಯನ್ನೇ ಮೊದಲು ಮುಟ್ಟುವುದು ಅಭ್ಯಾಸವಾಯಿತು. ಎಷ್ಟೋ ಸಲ ಅದು ನಿಜವಾದ ಹಿಕ್ಕೆಯೇ ಆಗಿರುತ್ತಿತ್ತು. ಅಕ್ಕ ನೋಡಿದ್ದರೆ ಸ್ನಾನಕ್ಕೆ ಕಳಿಸುತ್ತಿದ್ದಳು. ನಾನು ಕೈ ಒರೆಸಿಕೊಂಡು ಮುಂದಿನ ಎಲೆಗೆ ಹೋಗುತ್ತಿದ್ದೆ.

ಹಾಗೆ ನೋಡುವುದು ರೂಢಿಯಾದ ಮೇಲೆ ತೋಟದಲ್ಲಿ ಇನ್ನೂ ಎಷ್ಟೋ ಕಾಣತೊಡಗಿದವು. ತೆಂಗಿನ ಬೊಡ್ಡೆಯ ಮೇಲೆ ಬೊಡ್ಡೆಯದೇ ಬಣ್ಣದ ಪತಂಗ, ರೆಕ್ಕೆಯನ್ನು ಮರಕ್ಕೆ ಅಂಟುವಂತೆ ಹರಡಿ ತನ್ನ ನೆರಳನ್ನೂ ಉಳಿಸಿರಲಿಲ್ಲ. ನಾನು ನೆಟ್ಟ ಗರಿಬೇಲಿಯಲ್ಲೇ ಒಂದು ಕಡ್ಡಿಹುಳು. ಗಾಳಿ ಬಂದರೆ ಗರಿ ಎಷ್ಟು ಅಲುಗುತ್ತದೋ ಅಷ್ಟೇ ಅಲುಗಿ ಗಾಳಿ ನಿಂತರೆ ನಿಲ್ಲುತ್ತಿತ್ತು. ಕೊಬ್ಬರಿ ಅಟ್ಟದ ಗೋಡೆಯಲ್ಲಿ ಚಪ್ಪಟೆ ಧೂಳಿನ ಚೀಲಗಳು ಅಂಟಿಕೊಂಡಿರುತ್ತವೆ. ಈ ಮನೆಗೆ ಬಂದಾಗಿನಿಂದ ಗುಡಿಸಿದ್ದೇನೆ, ಒಂದು ದಿನವೂ ನೋಡಿರಲಿಲ್ಲ. ನೋಡಿದರೆ ಚೀಲದ ತುದಿಯಿಂದ ಒಂದು ಪುಟ್ಟ ತಲೆ ಹೊರಗೆ ಬಂದು ಇಡೀ ಮನೆಯನ್ನು ಎಳೆದುಕೊಂಡು ನಡೆಯಿತು. ಬಿಳಿನೊಣ ಹತ್ತಿದ ಒಂದು ತೆಂಗಿನ ಗರಿಯ ತಳದಲ್ಲಿ ಕಸದ ಕಣವೊಂದು ಓಡಾಡುತ್ತಿತ್ತು. ತಾನು ತಿಂದ ನೊಣಗಳ ಸಿಪ್ಪೆಯನ್ನೇ ಬೆನ್ನ ಮೇಲೆ ಹೇರಿಕೊಂಡು, ಆ ಸಿಪ್ಪೆಯ ಮರೆಯಲ್ಲೇ ಮತ್ತೊಂದನ್ನು ಹಿಡಿಯುತ್ತಿತ್ತು. ಅದು ನಮಗೆ ಉಪಕಾರಿ ಎಂದು ಆಮೇಲೆ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ ತಿಳಿದೆ. ಅದನ್ನೂ ಎಷ್ಟು ಸಲ ಪೈಪು ಹಿಡಿದು ಕಸವೆಂದು ತೊಳೆದು ಹಾಕಿದ್ದೆನೋ.

ಗಿಡ ಮೆಲ್ಲಗೆ ತುಂಬಿಕೊಂಡಿತು. ಹನ್ನೊಂದು ಎಲೆ ಮೂವತ್ತಾಯಿತು, ಆಮೇಲೆ ಎಣಿಸುವುದು ಬಿಟ್ಟೆ. ವರ್ಷದ ಕಾರ್ಯಕ್ಕೆ ಎಂಟು ದಿನ ಇದೆ ಎನ್ನುವಾಗ, ಹೇಳಿದ ಮಾತಿನಂತೆ ಮೇಸ್ತ್ರಿ ಬಂದ. ಭಾವನೂ ಬಂದರು. ಹತ್ತು ತಿಂಗಳ ಮೇಲೆ ಅವರು ಆ ಮೂಲೆಗೆ ಬಂದದ್ದು. ಗಿಡ ನನ್ನ ಸೊಂಟಕ್ಕೆ ಬರುತ್ತಿತ್ತು. ಹಿಡಿದಿದೆ ಭಾವ ಎಂದೆ.

ಅವರು ಗಿಡವನ್ನು ಸರಿಯಾಗಿ ನೋಡಲೂ ಇಲ್ಲ.

“ಕಲ್ಲು ಒಣಗಲ್ಲ ಕಣಮ್ಮ” ಎಂದರು. “ಅವ್ಳು ಹೋಗಿದ್ನ ನೋಡ್ದೆ. ನಾಳೆ ಇದೂ ಹೋಗದ್ನ ನೋಡು ಅಂತೀಯಾ?”

ಅವರಿಗೆ ಗಿಡ ಬೇಡವಾಗಿದ್ದು ಇದಕ್ಕೆಂದು ನನಗೆ ಇಡೀ ವರ್ಷ ಹೊಳೆದಿರಲಿಲ್ಲ. ಹಟ ಎಂದುಕೊಂಡಿದ್ದೆ, ದೊಡ್ಡಸ್ತಿಕೆ ಎಂದುಕೊಂಡಿದ್ದೆ. ಹೋಗಲು ಬಿಡುವುದಿಲ್ಲ, ದಿನಾ ನೋಡಿಕೊಳ್ಳುತ್ತೇನೆ ಎಂದೆ.

“ದಿನಾ ನೋಡ್ತಿದ್ವಲ್ಲ, ನೀನೂ ನಾನೂ. ಏನ್ ಕಾಣ್ತು?”

ಮೇಸ್ತ್ರಿ ಏನೂ ಕೇಳಿಸದವನಂತೆ ದಾರದ ಉಂಡೆ ಬಿಚ್ಚುತ್ತಿದ್ದ. ಹೌದು, ಕಾಣಲಿಲ್ಲ. ಅದನ್ನು ಇಲ್ಲವೆನ್ನಲು ನಾನು ಹೋಗಲಿಲ್ಲ. ಗಿಡದ ಪಕ್ಕಕ್ಕೆ ಸರಿದು ನಿಂತೆ.

“ಇದ್ರಲ್ಲಿ ಈಗ ಹುಳ ಐತೆ ಭಾವ. ಎಲ್ಲೈತೆ ಹೇಳಿ.”

ಅವರು ನನ್ನ ಮುಖ ನೋಡಿದರು. ಆಮೇಲೆ ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು ಬಗ್ಗಿದರು. ಸುಮಾರು ಹೊತ್ತು ನೋಡಿದರು. ಹಿಕ್ಕೆ ಬಿಟ್ಟರೆ ಏನಿಲ್ಲ ಎಂದರು. ನಾನು ಕಡ್ಡಿಯಿಂದ ಹಿಕ್ಕೆಯನ್ನು ಮುಟ್ಟಿದೆ. ಕೆಂಪು ಕೊಂಬು ಹೊರಗೆ ಬಂತು. ಭಾವ ಒಂದು ಹೆಜ್ಜೆ ಹಿಂದೆ ಹಾರಿದರು, ಮೂಗು ಮುಚ್ಚಿಕೊಂಡರು, ಮತ್ತೆ ಹತ್ತಿರ ಬಂದರು. ಗಿಡ ಬೋಳಾಗಿದ್ದು, ನಾನು ಮೂರು ತಿಂಗಳು ಇವುಗಳನ್ನೇ ಕಾಪಾಡಿದ್ದು, ಮಳೆ ಬಂದದ್ದು, ಎಲ್ಲವನ್ನೂ ಹೇಳಿದೆ. ಭಾವನ ಎದುರು ನಾನು ಅಷ್ಟು ಮಾತಾಡಿದ್ದು ಅದೇ ಮೊದಲು. ನನಗೂ ಮೊದಲು ಕಾಣಲಿಲ್ಲ, ಆಮೇಲೆ ಕಂಡಿತು, ಕಂಡ ಮೇಲೆ ಬಿಟ್ಟಿಲ್ಲ ಎಂದೆ.

“ಇನ್ನೂ ಇದಾವಾ?”

ಇರಬಹುದು, ಇವತ್ತು ಪಡುವಲ ಕಡೆಯನ್ನು ನೋಡಿಲ್ಲ ಎಂದೆ. ಅವರು ಆ ಕಡೆ ಹೋಗಿ ಮೊಣಕಾಲೂರಿ ಕೂತರು. ಒಂದೊಂದೇ ಎಲೆಯನ್ನು ಹೆಬ್ಬೆರಳು ತೋರುಬೆರಳಲ್ಲಿ ಹಿಡಿದು ತಿರುಗಿಸಿದರು. ಕೊಬ್ಬರಿ ಹೋಳಿನ ಒಳಗನ್ನು ನೋಡುವಾಗಲೂ ಅವರು ಹಾಗೇ ಹಿಡಿಯುವುದು. ಬಿಸಿಲು ಏರುತ್ತಿತ್ತು. ಮೇಸ್ತ್ರಿ ಮಾವನ ಕಟ್ಟೆಯ ಮೇಲೆ ಕೂತು ಬೀಡಿ ಹಚ್ಚಿದ. ಭಾವ ಎಷ್ಟು ಹೊತ್ತಾದರೂ ಏಳಲಿಲ್ಲ. ಅವರ ಹೆಗಲು ಸಣ್ಣಗೆ ಅಲುಗುತ್ತಿತ್ತು. ನಾನು ಬೇರೆ ಕಡೆ ನೋಡಿದೆ. ಕೊನೆಗೆ “ಡಬ್ಬಿ ಕೊಡಮ್ಮ” ಎಂದು ಕೈ ಚಾಚಿದರು. ಎಲೆಯ ಅಡಿಯಿಂದ ಒಂದನ್ನು ತೆಗೆದಿದ್ದರು. ನನ್ನ ಕಣ್ಣಿಗೂ ತಪ್ಪಿಹೋಗುವಷ್ಟು ಸಣ್ಣದು.

ಮೇಸ್ತ್ರಿಗೆ, ನೀನು ಹೋಗಪ್ಪ, ಬೇಕಾದಾಗ ಫೋನ್ ಮಾಡ್ತೀನಿ ಎಂದರು. ಮೇಸ್ತ್ರಿ ದಾರ ಸುತ್ತಿಕೊಂಡು ಹೋದ.

ವರ್ಷದ ಕಾರ್ಯ ಕಟ್ಟೆಯಿಲ್ಲದೆ ಮಣ್ಣಿನ ದಿಬ್ಬದ ಮುಂದೆಯೇ ನಡೆಯಿತು. ಬಂದ ನೆಂಟರಲ್ಲಿ ಇಬ್ಬರು ಮೂವರು, ಏನು ಇನ್ನೂ ಕಟ್ಟಿಸಿಲ್ಲವಾ ಎಂದು ಕೇಳಿದರು. ಮೊದಲ ಪತ್ರೆಯನ್ನು ಭಾವನೇ ಕಿತ್ತು ಏರಿಸಿದರು.

ಈಗ ದಿನಾ ಬೆಳಿಗ್ಗೆ ಇಬ್ಬರೂ ಹೋಗುತ್ತೇವೆ. ಮಾತು ಕಡಿಮೆ. ಅವರು ಪಡುವಲ ಕಡೆ ನಿಲ್ಲುತ್ತಾರೆ, ನಾನು ಮೂಡಲ ಕಡೆ. ನಡುವೆ ಗಿಡ ಇಬ್ಬರ ಎದೆಯ ಎತ್ತರಕ್ಕೆ ಬಂದಿದೆ. ಇವತ್ತು ನಾಲ್ಕು ಸಿಕ್ಕವು. ಮೂರು ಭಾವನಿಗೆ, ಒಂದು ನನಗೆ.